ದೃಷ್ಟಿ ತಾಕಿತೇ? ದೃಷ್ಟಿ ಬದಲಾಯಿತೇ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲವೆಂಬುದನ್ನು ತಿಳಿಸಲು ವೇದಾಂತಿಗಳು ಹಗ್ಗ ಹಾವುಗಳ ದೃಷ್ಟಾಂತವನ್ನು ಕೊಟ್ಟರು. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ತಿಳಿದು ಹೌಹಾರಿದವನು ದೀಪ ತಂದೊಡನೆ ನಕ್ಕು ಸುಮ್ಮನಾಗುತ್ತಾನೆ. ಆದರೆ ದೀಪ ತಂದ ಮೇಲೂ ಸಂದೇಹ ಹೋಗದಿದ್ದರೆ? ಹಗ್ಗವು ಹಗ್ಗವಾಗಿಯೇ ಕಾಣುತ್ತಿದ್ದು, ಅದರ ಬಣ್ಣ ಮಾತ್ರ ಎಂದಿಗಿಂತ ಪ್ರಖರವಾಗಿ, ಅದರ ಎಳೆಎಳೆಯೂ ಬಿಡಿಬಿಡಿಯಾಗಿ, ಅದು ಬಿದ್ದಿರುವ ದೂರವು ಅಳತೆಗೇ ಸಿಕ್ಕದಂತೆ ತೋರಿದರೆ? ಹಾಗೆ ಕಾಣುವವನು ಅದನ್ನು ಯಾರೊಡನೆ ಹೇಳಿಕೊಳ್ಳಬೇಕು? ಏನೆಂದು ಹೇಳಿಕೊಳ್ಳಬೇಕು?

ಈ ವಾರ ನಾವು ವಿಚಾರಮಾಡಬೇಕೆಂದಿರುವುದು ಇಂಥ ಬದಲಾವಣೆಗಳನ್ನು. ವೈದ್ಯರು ಸೈಕೋಸಿಸ್ ಎಂದು ಕರೆಯುವ ಚಿತ್ತವಿಕಲತೆ, ಅದರಲ್ಲಿಯೂ ಸ್ಕಿಝೋಫ್ರೀನಿಯಾ, ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರ ಒಂದೇ: ತನ್ನಷ್ಟಕ್ಕೆ ಮಾತನಾಡಿಕೊಳ್ಳುವುದು, ಯಾರೋ ಬೈದಂತೆ ಕಿವಿಯಲ್ಲಿ ಕೇಳುವುದು, ನೆರೆಹೊರೆಯವರೆಲ್ಲ ಶತ್ರುಗಳೆಂದು ತಿಳಿಯುವುದು. ಇವು ಕಾಯಿಲೆ ಬಲಿತ ಮೇಲಿನ ಚಿಹ್ನೆಗಳು. ಅನೇಕರಲ್ಲಿ ಇವುಗಳಿಗೆ ಮೊದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಸಣ್ಣಪುಟ್ಟ ಮಾರ್ಪಾಟುಗಳ ಒಂದು ಕಾಲ ಕಳೆದಿರುತ್ತದೆ. ನಿದ್ರೆ ಕೆಡುತ್ತದೆ, ಗೆಳೆಯರ ಸಹವಾಸ ಬೇಡವಾಗುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಇವುಗಳ ಜೊತೆಗೆ, ಕೆಲವರಲ್ಲಿ, ನೋಟವೇ ಬದಲಾಗುತ್ತದೆ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾನೆ. ಮೊದಲ ವರ್ಷದಲ್ಲಿ ಒಳ್ಳೆಯ ಅಂಕಗಳನ್ನು ಪಡೆದವನು. ಈಚೆಗೆ ಸಂಜೆಯ ಹೊತ್ತು ಟ್ಯೂಬ್‌ಲೈಟು ಹಾಕಿದರೆ ಆರಿಸೆನ್ನುತ್ತಾನೆ. ಪುಸ್ತಕದ ಸಾಲುಗಳು ಅಲುಗುತ್ತವೆ ಎನ್ನುತ್ತಾನೆ. ಮೆಟ್ಟಿಲಿಳಿಯುವಾಗ ಮುದುಕರಂತೆ ಗೋಡೆ ಹಿಡಿದುಕೊಳ್ಳುತ್ತಾನೆ. ತಾಯಿ ಊಟಕ್ಕೆ ಕರೆದರೆ ಅವಳ ಮುಖವನ್ನೇ ಅರೆಗಳಿಗೆ ದಿಟ್ಟಿಸಿ ನೋಡಿ ತಲೆತಗ್ಗಿಸುತ್ತಾನೆ. ಕನ್ನಡಕದ ಅಂಗಡಿಯಲ್ಲಿ ಪರೀಕ್ಷೆಯಾಯಿತು. ನಂಬರು ಏನೂ ಇಲ್ಲವೆಂದರು. ತಂದೆಗೆ ಕೋಪ ಬಂದಿತು: “ಓದುವುದಕ್ಕೆ ಮೈಗಳ್ಳತನ, ಅದಕ್ಕೆ ಕಣ್ಣಿನ ನೆಪ!” ಅಜ್ಜಿಗೆ ಬೇರೆಯೇ ಅನುಮಾನ: “ಹುಡುಗ ಮೈಕೈ ತುಂಬಿಕೊಂಡಿದ್ದ, ಯಾರದೋ ದೃಷ್ಟಿ ತಾಕಿದೆ.” ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಹುಡುಗನು ಇನ್ನು ಹೇಳಿ ಪ್ರಯೋಜನವಿಲ್ಲವೆಂದು ಬಾಯಿ ಮುಚ್ಚಿಕೊಂಡನು. ಮನೆಯವರು ಗುಣವಾಯಿತೆಂದು ತಿಳಿದರು!

ನಮ್ಮ ಭಾಷೆಯಲ್ಲಿ ದೃಷ್ಟಿ ಎಂಬ ಒಂದೇ ಶಬ್ದಕ್ಕೆ ಎಷ್ಟು ಅರ್ಥಗಳು! ಅಂಗಡಿಯವನು ಪರೀಕ್ಷಿಸಿದ್ದು ಒಂದು ದೃಷ್ಟಿ. ಅಜ್ಜಿ ತೆಗೆದದ್ದು ಇನ್ನೊಂದು. ಹುಡುಗನಲ್ಲಿ ಬದಲಾಗಿದ್ದುದು ಮೂರನೆಯದು. ಅದರ ವಿಚಾರವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ನೋಡುವುದು ಕಣ್ಣಷ್ಟೇ ಅಲ್ಲ

ನಾವು ಕಣ್ಣಿನಿಂದ ನೋಡುತ್ತೇವೆ ಎನ್ನುವುದು ಅರ್ಧ ಸತ್ಯ. ಅಕ್ಷಿಪಟಲದ ಮೇಲೆ ಬೀಳುವ ಬಿಂಬವು ತಲೆಕೆಳಗಾದದ್ದು, ಚಪ್ಪಟೆಯಾದದ್ದು. ನರಗಳು ಒಟ್ಟುಗೂಡಿ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕಣಗಳೇ ಇಲ್ಲ. ಅಲ್ಲಿ ಪ್ರತಿಯೊಂದು ಕಣ್ಣಿಗೂ ಒಂದು ಕುರುಡು ಚುಕ್ಕೆಯುಂಟು. ಹಾಗಿದ್ದರೂ ನಮಗೆ ಕಾಣುವ ಲೋಕದಲ್ಲಿ ತೂತು ಎಲ್ಲಿದೆ? ಮಿದುಳು ಸುತ್ತಲಿನದನ್ನು ನೋಡಿ ಆ ತೂತನ್ನು ತುಂಬಿಕೊಡುತ್ತದೆ.

ಗೆಳೆಯನೊಬ್ಬನು ನಮ್ಮಿಂದ ಹತ್ತು ಅಡಿಯಾಚೆಯಿಂದ ಇಪ್ಪತ್ತು ಅಡಿಯಾಚೆಗೆ ನಡೆದುಹೋದರೆ ಅಕ್ಷಿಪಟಲದ ಮೇಲಿನ ಅವನ ಬಿಂಬದ ಎತ್ತರ ಅರ್ಧಕ್ಕಿಳಿಯುತ್ತದೆ. ಆದರೆ ಗೆಳೆಯ ಕುಗ್ಗಿದನೆಂದು ನಾವು ಗಾಬರಿಯಾಗುತ್ತೇವೆಯೇ? ಬಿಳಿಯ ಪಂಚೆ ಬಿಸಿಲಿನಲ್ಲಿಯೂ ಬಿಳಿದು, ದೇವರ ಮನೆಯ ಎಣ್ಣೆದೀಪದ ಹಳದಿ ಬೆಳಕಿನಲ್ಲಿಯೂ ಬಿಳಿದೇ. ಕಣ್ಣು ಕಳುಹಿಸಿದ ಕಚ್ಚಾ ಸುದ್ದಿಯನ್ನು ಮಿದುಳು ಹಿಂದಿನ ಅನುಭವದೊಡನೆ ತಾಳೆನೋಡಿ, ಬೇಡವಾದದ್ದನ್ನು ಹೊಡೆದುಹಾಕಿ, ಬೇಕಾದದ್ದನ್ನು ಎತ್ತಿತೋರಿಸಿ ನಮ್ಮ ಮುಂದಿಡುತ್ತದೆ. ಪತ್ರಿಕೆಯ ಕಚೇರಿಯಲ್ಲಿ ಸಂಪಾದಕನು ಮಾಡುವ ಕೆಲಸವೇ ಇದು. ಈ ಸಂಪಾದಕನು ಕೈತಪ್ಪಿದರೆ ಕಣ್ಣು ಎಷ್ಟೇ ನೆಟ್ಟಗಿದ್ದರೂ ಕಾಣುವ ಲೋಕವು ಬೇರೆಯಾಗುತ್ತದೆ. ಕನ್ನಡಕದ ಅಂಗಡಿಯ ಅಕ್ಷರಪಟ್ಟಿಯಲ್ಲಿ ಇದು ಸಿಕ್ಕುವುದಿಲ್ಲ.

ಇಲ್ಲಿ ಮೂರು ಬಗೆಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಇರುವ ಹಗ್ಗವನ್ನು ಹಾವೆಂದು ತಿಳಿಯುವುದು ಭ್ರಾಂತಿ. ಏನೂ ಇಲ್ಲದ ಕಡೆ ಹಾವನ್ನು ಕಾಣುವುದು ಇಲ್ಲದ್ದರ ದರ್ಶನ. ಸ್ಕಿಝೋಫ್ರೀನಿಯಾದಲ್ಲಿ ಇಲ್ಲದ ಧ್ವನಿ ಕೇಳುವಷ್ಟು ಸಾಮಾನ್ಯವಾಗಿ ಇದು ಇರುವುದಿಲ್ಲವಾದರೂ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಉಂಟಾಗುತ್ತದೆ. ಹಗ್ಗವನ್ನು ಹಗ್ಗವೆಂದೇ ಅರಿತಿದ್ದೂ, ಅದರ ಬಣ್ಣ, ಗಾತ್ರ, ದೂರ, ಚಲನೆಗಳು ಎಂದಿನಂತಿಲ್ಲವೆಂದು ಅನುಭವಿಸುವುದು ಮೂರನೆಯದು. ಕಾಯಿಲೆಯ ಮುಂಗಾಲದಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮುಖ್ಯವಾದ ಮಾತೆಂದರೆ, ಈ ಹಂತದಲ್ಲಿ ಅವನಿಗೆ ವಿವೇಚನೆ ಇನ್ನೂ ಉಳಿದಿರುತ್ತದೆ. “ನನಗೆ ಏನೋ ಆಗುತ್ತಿದೆ” ಎಂಬುದು ಅವನಿಗೆ ತಿಳಿದಿರುತ್ತದೆ. ಕೇಳುವವರಿದ್ದರೆ ಹೇಳಬಲ್ಲನು.

ಅವರೇ ಹೇಳಿದ್ದು

ಹೀಗೆ ಮನಸ್ಸಿಟ್ಟು ಕೇಳಿದವರಲ್ಲಿ ಸ್ಕಾಟ್ಲೆಂಡಿನ ಇಬ್ಬರನ್ನು ಮೊದಲು ನೆನೆಯಬೇಕು: ಮನಶ್ಶಾಸ್ತ್ರಜ್ಞ ಆಂಡ್ರೂ ಮೆಕ್‌ಗೀ ಮತ್ತು ಮನೋವೈದ್ಯ ಜೇಮ್ಸ್ ಚಾಪ್‌ಮನ್. ಆಸ್ಪತ್ರೆಗೆ ಹೊಸದಾಗಿ ಸೇರಿದ 26 ಮಂದಿಯನ್ನು ಕುಳ್ಳಿರಿಸಿಕೊಂಡು, ಕಾಯಿಲೆ ಶುರುವಾದಾಗ ಅವರಿಗೆ ಏನೇನಾಯಿತೆಂದು ಕೇಳಿ, ಅವರ ಮಾತುಗಳನ್ನೇ ಆಧಾರವಾಗಿಟ್ಟು 1961ರಲ್ಲಿ ಲೇಖನ ಪ್ರಕಟಿಸಿದರು. ಚಾಪ್‌ಮನ್ 1966ರಲ್ಲಿ ಅದನ್ನು ಮುಂದುವರಿಸಿದನು. ಬಣ್ಣಗಳು ಹಿಂದಿಗಿಂತ ಕಣ್ಣು ಕುಕ್ಕುವಂತಿವೆ ಎಂದವರಿದ್ದರು. ಬೇಡದ ವಸ್ತುಗಳೆಲ್ಲ ಗಮನವನ್ನು ಸೆಳೆಯುತ್ತವೆ, ಯಾವುದನ್ನು ಬಿಡಬೇಕೋ ತಿಳಿಯುತ್ತಿಲ್ಲ ಎಂದವರಿದ್ದರು. ವಸ್ತುವನ್ನು ಒಟ್ಟಾಗಿ ಕಾಣದೆ ತುಂಡುತುಂಡಾಗಿ ನೋಡಿ ಜೋಡಿಸಿಕೊಳ್ಳಬೇಕಾಗಿದೆ ಎಂದವರಿದ್ದರು. ಕೆಲವರಿಗೆ ಚಲಿಸುವ ವಸ್ತುವು ಸಿನಿಮಾ ರೀಲಿನ ಬಿಡಿಚಿತ್ರಗಳಂತೆ ತಡೆತಡೆದು ಕಾಣುತ್ತಿತ್ತು. ನಡೆದಾಡಿದರೆ ಎದುರಿನ ನೋಟವೆಲ್ಲ ಕಲಕಿಹೋಗುತ್ತಿದ್ದುದರಿಂದ ಅವರು ಇದ್ದಲ್ಲೇ ನಿಂತುಬಿಡುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಅದು ಜಡತ್ವ, ಮೊಂಡುತನ. ಒಳಗಿದ್ದವನಿಗೆ ಅದು ಬೀಳದಂತೆ ನಿಲ್ಲುವ ಉಪಾಯ!

ಸ್ವಿಟ್ಜರ್ಲೆಂಡಿನ ಮಾರ್ಗರೀತ್ ಸೆಷೆಹೇ ಎಂಬಾಕೆ, ತಾನು ಚಿಕಿತ್ಸೆ ಮಾಡಿದ ಒಬ್ಬ ಹುಡುಗಿಯ ಆತ್ಮಕಥನವನ್ನು 1950ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದಳು. ಹುಡುಗಿಗೆ ರೆನೆ ಎಂಬ ಮರೆಹೆಸರು ಕೊಟ್ಟಿದ್ದಾಳೆ. ಅವಳಿಗೆ ಮೊದಲ ಅನುಭವವಾದದ್ದು ಐದು ವರ್ಷದವಳಿದ್ದಾಗ. ಶಾಲೆಯ ಕಟ್ಟಡವು ಇದ್ದಕ್ಕಿದ್ದಂತೆ ಅಗಾಧವಾಗಿ ಬೆಳೆದಂತೆ, ಪಕ್ಕದ ಗೋಧಿಯ ಹೊಲವು ಕೊನೆಯೇ ಇಲ್ಲದ ಹಳದಿಯ ಹರವಾದಂತೆ ಅವಳಿಗೆ ಕಂಡಿತು. ದೊಡ್ಡವಳಾದ ಮೇಲೆ ಗೆಳತಿಯೊಬ್ಬಳ ಮುಖವನ್ನು ನೋಡುತ್ತಿದ್ದಾಗ ಹಲ್ಲು, ಮೂಗು, ಕೆನ್ನೆ, ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆಬೇರೆಯಾಗಿ ತೋರಿದವು. ಎದುರಿಗಿರುವವಳು ಯಾರೆಂದು ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದಿದ್ದೂ ಪರಿಚಯದ ಆತ್ಮೀಯತೆ ಹುಟ್ಟಲಿಲ್ಲ. ಊಟಕ್ಕೆ ಕರೆದ ತಾಯಿಯ ಮುಖವನ್ನು ನಮ್ಮ ಹುಡುಗನು ಏಕೆ ದಿಟ್ಟಿಸಿ ನೋಡಿರಬಹುದೆಂಬುದನ್ನು ಇದರಿಂದ ಊಹಿಸಬಹುದು.

ಜರ್ಮನಿಯಲ್ಲಿ ಗೆರ್ಡ್ ಹೂಬರ್ ಎಂಬ ಮನೋವೈದ್ಯನು ಇಂಥ ಸೂಕ್ಷ್ಮ ಅನುಭವಗಳಿಗೆ “ಮೂಲಲಕ್ಷಣಗಳು” ಎಂದು ಹೆಸರಿಟ್ಟು ಪಟ್ಟಿ ಮಾಡತೊಡಗಿದನು. ಅವನೂ ಅವನ ಅನುಯಾಯಿಗಳೂ ಬೆಳೆಸಿದ ಆ ಪಟ್ಟಿಯಲ್ಲಿ ನೋಟಕ್ಕೆ ಸೇರಿದವೇ ಹತ್ತಾರು: ಬೆಳಕು ಸಹಿಸಲಾಗದಿರುವುದು, ನೋಟ ಮಂಜಾಗುವುದು, ವಸ್ತುಗಳು ಚಿಕ್ಕವಾಗಿಯೋ ದೊಡ್ಡವಾಗಿಯೋ ಕಾಣುವುದು, ಬಾಗಿಲ ಚೌಕಟ್ಟಿನ ನೇರ ಗೆರೆಯೇ ಸೊಟ್ಟಾಗುವುದು, ಸ್ಥಿರವಾದ ವಸ್ತು ಅಲುಗಾಡುವುದು, ದೂರದ ಅಂದಾಜು ತಪ್ಪುವುದು, ನೋಡಿದ ವಸ್ತುವು ಕಣ್ಣು ತೆಗೆದ ಮೇಲೂ ಬಹಳ ಹೊತ್ತು ಉಳಿಯುವುದು, ಬೇರೆಯವರ ಮುಖವೋ ಕನ್ನಡಿಯಲ್ಲಿ ತನ್ನದೇ ಮುಖವೋ ಮಾರ್ಪಟ್ಟಂತೆ ತೋರುವುದು. ಈ ಕನ್ನಡಿಯ ಮಾತನ್ನು ಫ್ರಾನ್ಸಿನ ಪೌಲ್ ಅಬೇಲಿ ಎಂಬ ವೈದ್ಯನು 1930ರಲ್ಲಿಯೇ ಎತ್ತಿದ್ದನು. ರೋಗಿಯು ತನ್ನ ಮುಖ ಬದಲಾಗಿದೆಯೇ ಎಂದು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವುದಕ್ಕೆ ಅವನು “ಕನ್ನಡಿಯ ಲಕ್ಷಣ” ಎಂದು ಹೆಸರು ಕೊಟ್ಟನು. ಇಷ್ಟನ್ನು ಓದಿ, ಕನ್ನಡಿ ಬಿಟ್ಟು ಕದಲದ ಪ್ರತಿಯೊಬ್ಬ ಮಗಳ ಮೇಲೂ ಮಗನ ಮೇಲೂ ತಂದೆತಾಯಿಗಳು ಸಂಶಯಪಡಬಾರದು. ಹದಿನೆಂಟು ವರ್ಷದವರು ಕನ್ನಡಿಯ ಮುಂದೆ ನಿಲ್ಲದೆ ಎಂಬತ್ತು ವರ್ಷದವರು ನಿಲ್ಲುತ್ತಾರೆಯೇ? ಅಂದವನ್ನು ನೋಡಿಕೊಳ್ಳುವುದು ಬೇರೆ. ಇದು ನನ್ನ ಮುಖವೇ ಎಂದು ಭಯದಿಂದ ಪರೀಕ್ಷಿಸಿಕೊಳ್ಳುವುದು ಬೇರೆ.

ಮೋಸಹೋಗದ ಕಣ್ಣು

ಇಲ್ಲೊಂದು ವಿಚಿತ್ರವಾದ ಸಂಗತಿಯುಂಟು. ಜಾತ್ರೆಯಲ್ಲಿ ಮಾರುವ ಮುಖವಾಡವೊಂದನ್ನು ತೆಗೆದುಕೊಳ್ಳಿ. ಅದರ ಒಳಬದಿಯನ್ನು, ಎಂದರೆ ತಗ್ಗಾದ ಬದಿಯನ್ನು, ನಿಮ್ಮ ಕಡೆಗೆ ತಿರುಗಿಸಿ ನಿಲ್ಲಿಸಿ, ಕೆಲವು ಅಡಿ ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿರಿ. ತಗ್ಗು ಮಾಯವಾಗಿ ಮೂಗು ಮುಂದಕ್ಕೆ ಉಬ್ಬಿದ ಮುಖವೇ ಕಾಣುತ್ತದೆ. ಜನ್ಮದಲ್ಲಿ ತಗ್ಗುಮುಖವನ್ನು ಕಂಡರಿಯದ ಮಿದುಳು, ಕಣ್ಣು ಹೇಳಿದ ನಿಜವನ್ನು ತಳ್ಳಿಹಾಕಿ, ಮುಖವೆಂದರೆ ಉಬ್ಬಿರಲೇಬೇಕೆಂದು ತೀರ್ಪು ಕೊಡುತ್ತದೆ. ಸ್ಕಿಝೋಫ್ರೀನಿಯಾ ಇರುವವರಲ್ಲಿ ಅನೇಕರು ಈ ಮೋಸಕ್ಕೆ ಒಳಗಾಗುವುದಿಲ್ಲ. ತಗ್ಗು ಅವರಿಗೆ ತಗ್ಗಾಗಿಯೇ ಕಾಣುತ್ತದೆ! 2009ರಲ್ಲಿ ದಾನಾಯಿ ದೀಮಾ ಎಂಬಾಕೆ ಜರ್ಮನಿ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಈ ಪ್ರಯೋಗವನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ನಡೆಸಿದಳು. ಮಿದುಳಿನ ಮೇಲಿನ ಕೇಂದ್ರಗಳು ದೃಷ್ಟಿಕೇಂದ್ರಕ್ಕೆ ಕಳುಹಿಸುವ ಸೂಚನೆಯು ಆರೋಗ್ಯವಂತರಲ್ಲಿ ಬಲವಾಗುತ್ತಿತ್ತು, ರೋಗಿಗಳಲ್ಲಿ ಹಾಗಾಗುತ್ತಿರಲಿಲ್ಲ.

ಲಂಡನ್ನಿನ ಸ್ಟೀವನ್ ಡೇಕಿನ್ ಮತ್ತು ಜೊತೆಗಾರರು 2005ರಲ್ಲಿ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಕಪ್ಪುಬಿಳುಪು ಗಾಢವಾಗಿರುವ ಚಿತ್ರದ ನಡುವೆ ಮಸುಕಾದ ತುಣುಕೊಂದನ್ನಿಟ್ಟರೆ, ಸುತ್ತಲಿನ ಗಾಢತೆಯಿಂದಾಗಿ ಅದು ಇರುವುದಕ್ಕಿಂತಲೂ ಮಸುಕಾಗಿ ತೋರುತ್ತದೆ. ದೀರ್ಘಕಾಲದಿಂದ ಕಾಯಿಲೆಯಿದ್ದವರು ಈ ತುಣುಕನ್ನು ಆರೋಗ್ಯವಂತರಿಗಿಂತ ಸರಿಯಾಗಿ ಅಳೆದರು. ಸುತ್ತಲಿನದರ ಪ್ರಭಾವ ಅವರ ಮೇಲೆ ಕಡಿಮೆ ಬಿದ್ದಿತು. ಇದನ್ನು ಕಂಡು, ಹಾಗಾದರೆ ಅವರ ದೃಷ್ಟಿಯೇ ವಾಸಿಯಲ್ಲವೇ ಎಂದು ಕೇಳಬಹುದು. ಅಲ್ಲ. ಸುತ್ತಲಿನ ಸಂದರ್ಭವನ್ನೂ ಹಿಂದಿನ ಅನುಭವವನ್ನೂ ಸೇರಿಸಿಕೊಳ್ಳದಿದ್ದರೆ ಬಿಡಿ ತುಣುಕುಗಳು ಸರಿಯಾಗಿ ಕಂಡಾವು. ತುಣುಕುಗಳೆಲ್ಲ ಕೂಡಿ ಒಂದು ಲೋಕವಾಗುವುದು ಕಷ್ಟ.

ಆದರೆ ಮುಖವಾಡವನ್ನು ತಂದು ಮನೆಯ ಮಕ್ಕಳನ್ನು ಪರೀಕ್ಷಿಸಲು ಯಾರೂ ತೊಡಗಬಾರದು. ಗಾಂಜಾದ ಅಮಲಿನಲ್ಲಿರುವವರಲ್ಲಿಯೂ ಇಂಥ ವ್ಯತ್ಯಾಸ ಕಂಡುಬಂದಿದೆ. ಇದು ವಿಜ್ಞಾನಿಗಳಿಗೆ ದಾರಿ ತೋರಿದ ಪ್ರಯೋಗವೇ ವಿನಾ ರೋಗವನ್ನು ತೀರ್ಮಾನಿಸುವ ಪರೀಕ್ಷೆಯಲ್ಲ. ಇದೇ ಮಾತು ಕಣ್ಣಿನ ಚಲನೆಗೂ ಸಲ್ಲುತ್ತದೆ. ಅತ್ತಿತ್ತ ತೂಗುವ ಲೋಲಕವನ್ನು ರೋಗಿಯ ಕಣ್ಣು ಎಡವದೆ ಹಿಂಬಾಲಿಸಲಾರದೆಂಬುದನ್ನು ಅಮೆರಿಕದಲ್ಲಿ ಡೀಫೆಂಡಾರ್ಫ್ ಮತ್ತು ಡಾಡ್ಜ್ ಎಂಬವರು 1908ರಲ್ಲಿ ಗುರುತಿಸಿದ್ದರು. 1973ರಲ್ಲಿ ಫಿಲಿಪ್ ಹೋಲ್ಜ್‌ಮನ್ ಅದನ್ನು ಮತ್ತೆ ಕೈಗೆತ್ತಿಕೊಂಡು, ಮುಂದೆ ರೋಗಿಗಳ ರಕ್ತಸಂಬಂಧಿಗಳಲ್ಲಿಯೂ ಈ ಎಡವುವಿಕೆ ಎಷ್ಟೋ ಮಂದಿಗೆ ಇರುವುದನ್ನು ತೋರಿಸಿದನು. ಅವರಿಗೆ ರೋಗವಿರಲಿಲ್ಲ. ಎಂದರೆ, ವಂಶದಲ್ಲಿ ಇಳಿದುಬರುವ ಒಂದು ಒಲವು ಕಣ್ಣಿನಲ್ಲಿ ತೋರಿದರೂ ಅದು ರೋಗವಾಗಿಯೇ ತೀರಬೇಕೆಂದಿಲ್ಲ.

ಕಂಡದ್ದರಿಂದ ನಂಬಿದ್ದಕ್ಕೆ

ನೋಟ ಬದಲಾದರೆ ಬುದ್ಧಿಯೇಕೆ ಕೆಡಬೇಕು? ಜರ್ಮನಿಯ ಕ್ಲಾಸ್ ಕೊನ್ರಾಡ್ 1958ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದಕ್ಕೆ ಸೊಗಸಾದ ವಿವರಣೆ ಇದೆ. ಕಾಯಿಲೆಯ ಮೊದಲ ಹಂತಕ್ಕೆ ಅವನು ಕೊಟ್ಟ ಹೆಸರು “ಟ್ರೇಮಾ”. ರಂಗದ ಮೇಲೆ ಕಾಲಿಡುವ ಮುನ್ನ ಪಾತ್ರಧಾರಿಯ ಎದೆಯಲ್ಲಿ ಏಳುವ ನಡುಕಕ್ಕೆ ನಾಟಕದವರು ಆಡುವ ಮಾತು ಅದು. ಏನೋ ಆಗಲಿದೆ, ಏನೆಂದು ತಿಳಿಯದು. ಎಂದೂ ಲಕ್ಷ್ಯಕ್ಕೆ ಬಾರದ ಗೋಡೆ, ಬೀದಿಯ ತಿರುವು, ದಾರಿಹೋಕನ ಕೊಡೆ ಎಲ್ಲವೂ ಮುಂದೆ ಬಂದು ನಿಂತು ಏನನ್ನೋ ಹೇಳುತ್ತಿರುವಂತೆ ತೋರುತ್ತವೆ. ಈ ಉದ್ವೇಗವನ್ನು ಎಷ್ಟು ದಿನ ತಾಳಲಾದೀತು? ಒಂದು ದಿನ ಥಟ್ಟನೆ ಉತ್ತರ ಹೊಳೆಯುತ್ತದೆ: “ಇದೆಲ್ಲ ನನಗಾಗಿಯೇ ಹೂಡಿದ್ದು. ನನ್ನನ್ನು ಯಾರೋ ಗಮನಿಸುತ್ತಿದ್ದಾರೆ.” ಹೊರಗಿನವರಿಗೆ ಅದು ಹುಚ್ಚು ನಂಬಿಕೆ. ಅವನಿಗೆ ಅದು ಬಹುದಿನದ ಒಗಟಿಗೆ ಸಿಕ್ಕಿದ ಬಿಡುಗಡೆ. ಆಮೇಲೆ ತರ್ಕದಿಂದ ಆ ನಂಬಿಕೆಯನ್ನು ಕೀಳುವುದು ಬಲು ಕಷ್ಟ.

ಭಾರತ ಮೂಲದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಇದೇ ಸಂಗತಿಯನ್ನು ಮಿದುಳಿನ ರಸಾಯನದ ಭಾಷೆಯಲ್ಲಿ ಹೇಳಿದರು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಗುರುತು ಹಾಕುವ ಕೆಲಸದಲ್ಲಿ ಡೋಪಮೀನ್ ಎಂಬ ದ್ರವ್ಯಕ್ಕೆ ದೊಡ್ಡ ಪಾಲಿದೆ. ಅದು ಹೊತ್ತುಗೊತ್ತಿಲ್ಲದೆ ಸ್ರವಿಸಿದರೆ ಕ್ಷುಲ್ಲಕ ವಸ್ತುವಿಗೂ ಮಹತ್ತ್ವದ ಮುದ್ರೆ ಬೀಳುತ್ತದೆ. ಚಿತ್ತವಿಕಲತೆಗೆ ಕೊಡುವ ಔಷಧಗಳು ಈ ಮುದ್ರೆಯ ಬಲವನ್ನು ತಗ್ಗಿಸುತ್ತವೆ; ಆಗಲೇ ಹುಟ್ಟಿಕೊಂಡ ನಂಬಿಕೆ ಕರಗಲು ಇನ್ನಷ್ಟು ಕಾಲ ಹಿಡಿಯುತ್ತದೆ. ಆದುದರಿಂದ, ನಂಬಿಕೆ ಬೇರೂರುವುದಕ್ಕೆ ಮೊದಲೇ, ಒಗಟು ಇನ್ನೂ ಒಗಟಾಗಿರುವಾಗಲೇ, ಸಹಾಯ ಸಿಕ್ಕುವುದು ಎಷ್ಟು ಮೇಲೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಕುತೂಹಲದ ಪ್ರಶ್ನೆಯಿದೆ. ಹುಟ್ಟುಕುರುಡರಿಗೆ ಸ್ಕಿಝೋಫ್ರೀನಿಯಾ ಬರುವುದಿಲ್ಲವೇ? ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1980ರಿಂದ 2001ರವರೆಗೆ ಹುಟ್ಟಿದ 4,67,945 ಮಕ್ಕಳ ದಾಖಲೆಗಳನ್ನು ಅಲ್ಲಿಯ ಸಂಶೋಧಕರು ಜೋಡಿಸಿ ನೋಡಿ 2018ರಲ್ಲಿ ಪ್ರಕಟಿಸಿದರು. 1,870 ಮಂದಿಗೆ ಸ್ಕಿಝೋಫ್ರೀನಿಯಾ ಬಂದಿತ್ತು. ಮಿದುಳಿನ ದೃಷ್ಟಿಕೇಂದ್ರದ ದೋಷದಿಂದ ಕುರುಡರಾಗಿದ್ದ 66 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಕೇಳಲು ಚಮತ್ಕಾರವೇ. ಆದರೆ ಲೆಕ್ಕ ಹಾಕಿ ನೋಡಿ: ಒಟ್ಟು ಮಕ್ಕಳಲ್ಲಿ ರೋಗ ಬಂದದ್ದು ಸುಮಾರು 250ರಲ್ಲಿ ಒಬ್ಬರಿಗೆ. ಹಾಗಿರುವಾಗ 66 ಮಂದಿಯಲ್ಲಿ ಯಾರಿಗೂ ಬಾರದಿರುವುದು ಅಚ್ಚರಿಯಲ್ಲ. ನೋಟಕ್ಕೂ ಈ ರೋಗಕ್ಕೂ ಆಳದಲ್ಲಿ ನಂಟಿರಬಹುದೆಂಬ ಸಂಶಯವನ್ನು ಇದು ಬಲಪಡಿಸುತ್ತದೆಯೇ ಹೊರತು ಸಿದ್ಧಪಡಿಸುವುದಿಲ್ಲ.

ಗಾಬರಿಗೆ ಕಾರಣವಿಲ್ಲ

ಇದುವರೆಗೆ ಓದಿದವರಲ್ಲಿ ಕೆಲವರಿಗಾದರೂ, “ನನಗೂ ಒಮ್ಮೆ ಹೀಗಾಗಿತ್ತಲ್ಲ!” ಎನ್ನಿಸಿರಬಹುದು. ಆಗಿದ್ದರೆ ಆಶ್ಚರ್ಯವಿಲ್ಲ. ನೋಟ ವಿಕಾರಗೊಳ್ಳಲು ಹಲವು ಕಾರಣಗಳುಂಟು. ಅರೆತಲೆನೋವಿನವರಿಗೆ ಅಂಕುಡೊಂಕಾದ ಬೆಳಕಿನ ಗೆರೆಗಳು ಕಾಣುತ್ತವೆ. ವಸ್ತುಗಳು ಹಿಗ್ಗಿ ಕುಗ್ಗಿ ಕಾಣುವುದು ಮಕ್ಕಳಲ್ಲಿ ಅರೆತಲೆನೋವಿನಿಂದಲೋ ಕೆಲವು ಸೋಂಕುಗಳಿಂದಲೋ ಬರುವುದುಂಟು. ಇದಕ್ಕೆ ಇಂಗ್ಲೆಂಡಿನ ಜಾನ್ ಟಾಡ್ 1955ರಲ್ಲಿ ಆಲಿಸ್ ಎಂಬ ಕಥೆಯ ಹುಡುಗಿಯ ಹೆಸರನ್ನೇ ಇಟ್ಟನು. ಮೂರ್ಛೆರೋಗ, ವಿಪರೀತ ಜ್ವರ, ನಿದ್ರೆಗೇಡು, ತೀವ್ರ ಆತಂಕ, ಮದ್ಯವನ್ನು ಥಟ್ಟನೆ ಬಿಡುವುದು, ಗಾಂಜಾ, ದತ್ತೂರಿಯ ವಿಷ ಇವೆಲ್ಲ ನೋಟವನ್ನು ಕೆಡಿಸಬಲ್ಲವು. ಕಣ್ಣಿನ ಶಕ್ತಿ ಕುಂದಿದ ವೃದ್ಧರಿಗೆ ಇಲ್ಲದ ಜನರು, ಬಳ್ಳಿಗಳು, ಚಿತ್ತಾರಗಳು ಕಾಣಿಸುವುದುಂಟು. ಜಿನೀವಾದ ಚಾರ್ಲ್ಸ್ ಬೊನೆ ತನ್ನ ಅಜ್ಜನಲ್ಲಿ ಇದನ್ನು ಕಂಡು 1760ರಲ್ಲಿ ಬರೆದಿಟ್ಟನು. ಅಜ್ಜನ ಬುದ್ಧಿ ಚೆನ್ನಾಗಿಯೇ ಇದ್ದಿತು. ನಮ್ಮ ಮನೆಗಳ ಅಜ್ಜಿ ತಾತಂದಿರು ಇಂಥದನ್ನು ಕಂಡರೆ, ಅರಳುಮರಳೆಂದಾರೆಂಬ ಭಯಕ್ಕೆ ಬಾಯಿಬಿಡುವುದಿಲ್ಲ. ಇನ್ನು ಕಣ್ಣಿನಲ್ಲಿ ಒಮ್ಮೆಲೇ ಮಿಂಚು ಹೊಡೆದು, ಕಪ್ಪು ಚುಕ್ಕೆಗಳು ಮಳೆಯಂತೆ ಸುರಿದು, ಪರದೆ ಇಳಿದಂತಾದರೆ ಅದು ಅಕ್ಷಿಪಟಲವು ಕಳಚುತ್ತಿರುವ ಸೂಚನೆಯಿರಬಹುದು. ಅದೇ ದಿನ ನೇತ್ರವೈದ್ಯರ ಬಳಿಗೆ ಓಡಬೇಕು.

ಸ್ಕಿಝೋಫ್ರೀನಿಯಾ ಇರುವವರ ಸಂಖ್ಯೆ ಲೋಕದಲ್ಲಿ ಸುಮಾರು 300 ಜನರಿಗೆ ಒಬ್ಬರಂತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಾಗಿ ಅದು ಕಾಣಿಸಿಕೊಳ್ಳುವುದು ಹದಿವಯಸ್ಸಿನ ಕೊನೆಯಲ್ಲಿ ಮತ್ತು ಇಪ್ಪತ್ತರ ಆಚೆಗೆ. ಹೆಂಗಸರಲ್ಲಿ ತುಸು ತಡವಾಗಿ. ಜರ್ಮನಿಯಲ್ಲಿ ಯೋಆಖಿಮ್ ಕ್ಲೋಸ್ಟರ್‌ಕೋಟರ್ ಮತ್ತು ಸಂಗಡಿಗರು, ರೋಗದ ಸಂಶಯದಿಂದ ತಜ್ಞರ ಬಳಿಗೆ ಬಂದಿದ್ದ 160 ಮಂದಿಯನ್ನು ಸರಾಸರಿ 9.6 ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಕೊಟ್ಟರು. ನೋಟ, ಆಲೋಚನೆ, ಮಾತು ಇತ್ಯಾದಿಗಳ ಮೂಲಲಕ್ಷಣಗಳಲ್ಲಿ ಒಂದಾದರೂ ಇದ್ದವರಲ್ಲಿ ನೂರಕ್ಕೆ 70 ಮಂದಿಗೆ ಮುಂದೆ ರೋಗ ಬಂದಿತು. ಒಂದೂ ಇಲ್ಲದವರಲ್ಲಿ ನೂರಕ್ಕೆ 96 ಮಂದಿಗೆ ಬರಲಿಲ್ಲ. ಈ 70 ಎಂಬ ಅಂಕಿ ಬೀದಿಯಲ್ಲಿ ಹೋಗುವವರಿಗೆ ಅನ್ವಯಿಸುವುದಲ್ಲ. ಆಗಲೇ ಕಷ್ಟದಲ್ಲಿ ಸಿಕ್ಕಿ ತಜ್ಞರವರೆಗೆ ಬಂದವರ ಲೆಕ್ಕವದು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಆಲಿಸನ್ ಯಂಗ್ ಇಂಥ ಅಪಾಯದ ಅಂಚಿನ ಯುವಜನರಿಗಾಗಿಯೇ 1994ರಲ್ಲಿ ಚಿಕಿತ್ಸಾಲಯವೊಂದನ್ನು ತೆರೆದರು. ಅನಂತರ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಹೀಗೆ ಅಂಚಿನಲ್ಲಿರುವವರೆಂದು ಗುರುತಿಸಿದವರಲ್ಲಿಯೂ ಮೂರು ವರ್ಷದೊಳಗೆ ಚಿತ್ತವಿಕಲತೆಗೆ ಜಾರುವವರು ಸುಮಾರು ಕಾಲುಭಾಗ. ಉಳಿದವರು ಜಾರುವುದಿಲ್ಲ. ಆದರೂ ಅವರಲ್ಲಿ ಅನೇಕರಿಗೆ ಖಿನ್ನತೆ, ಆತಂಕಗಳ ಉಪಟಳ ಇರುವುದರಿಂದ ಸಹಾಯವಂತೂ ಬೇಕೇ ಬೇಕು.

ಮನೆಯವರು ಮಾಡಬೇಕಾದದ್ದು

ಮೊದಲನೆಯದಾಗಿ, ಕೇಳಬೇಕು. ವಿಚಾರಣೆ ಮಾಡುವ ಧಾಟಿಯಲ್ಲಲ್ಲ. “ಏನಪ್ಪಾ, ಬೆಳಕು ಚುಚ್ಚುತ್ತದೆಯೇ? ಮೆಟ್ಟಿಲು ಸರಿಯಾಗಿ ಕಾಣುತ್ತದೆಯೇ? ನಮ್ಮ ಮುಖಗಳು ಬೇರೆಯಾಗಿ ತೋರುತ್ತವೆಯೇ?” ಎಂದು ಸಮಾಧಾನದಿಂದ ಕೇಳಿದರೆ, ಹೇಳಲು ಶಬ್ದವೇ ಸಿಕ್ಕದೆ ಒದ್ದಾಡುತ್ತಿದ್ದವನಿಗೆ ಶಬ್ದ ಸಿಕ್ಕುತ್ತದೆ. ಅವನು ಹೇಳಿದುದನ್ನು ನಗಬಾರದು, ಅಲ್ಲಗಳೆಯಬಾರದು. ಹಾಗೆಂದು ಹೌದುಹೌದೆಂದು ತಲೆಯಾಡಿಸುವುದೂ ಬೇಡ. “ನನಗೆ ಹಾಗೆ ಕಾಣುವುದಿಲ್ಲ, ನಿನಗೆ ಕಾಣುತ್ತಿದೆಯೆಂಬುದನ್ನು ನಂಬುತ್ತೇನೆ” ಎಂದರೆ ಸಾಕು.

ಎರಡನೆಯದಾಗಿ, ನೇತ್ರಪರೀಕ್ಷೆ ಆಗಲೇಬೇಕು. ಅಲ್ಲಿ ಎಲ್ಲ ಸರಿಯಿದೆಯೆಂದರೆ ವಿಷಯ ಮುಗಿಯಿತೆಂದು ತಿಳಿಯಬಾರದು. ನೋಟದ ತೊಂದರೆಯ ಜೊತೆಗೆ ನಿದ್ರೆ ಕೆಟ್ಟು, ಓದು ಕುಸಿದು, ಗೆಳೆಯರನ್ನು ಬಿಟ್ಟು, ವಾರಗಟ್ಟಲೆ ಇದು ನಡೆದಿದ್ದರೆ, ಮನೆತನದಲ್ಲಿ ಯಾರಿಗಾದರೂ ಚಿತ್ತವಿಕಲತೆ ಇದ್ದಿದ್ದರೆ, ಮನೋವೈದ್ಯರನ್ನು ಕಾಣಲು ತಡಮಾಡಬಾರದು. ಗಾಂಜಾದ ಚಟವಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಅದು ಅಪಾಯವನ್ನು ಹೆಚ್ಚಿಸುತ್ತದೆ. ಸಾಯುವ ಮಾತನ್ನಾಡಿದರೆ, ಅನ್ನನೀರು ಬಿಟ್ಟರೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಹೆದರಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೋವೈದ್ಯರೆಂದರೆ ಹಾಸಿಗೆಗೆ ಕಟ್ಟಿಹಾಕುವವರೆಂಬ ಭಯ ಇನ್ನೂ ಹೋಗಿಲ್ಲ. ಅಪಾಯದ ಅಂಚಿನಲ್ಲಿರುವವರಿಗೆ ಕೂಡಲೇ ಚಿತ್ತವಿಕಲತೆಯ ಔಷಧ ಕೊಡಬೇಕೆಂದೇನೂ ಇಲ್ಲ. ಮಾತಿನ ಮೂಲಕ ಆಲೋಚನೆಯನ್ನು ತಿದ್ದುವ ಚಿಕಿತ್ಸೆ, ನಿದ್ರೆಯ ಶಿಸ್ತು, ಮನೆಯವರಿಗೆ ತಿಳಿವಳಿಕೆ, ಆಗಾಗ್ಗೆ ಪರೀಕ್ಷೆ ಇವೇ ಮೊದಲ ಮೆಟ್ಟಿಲು. ರೋಗ ಕಾಣಿಸಿಕೊಂಡವರಿಗೆ ಮಾತ್ರ ಔಷಧ ಅವಶ್ಯಕ. ಅದನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸತಕ್ಕದ್ದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಪ್ರಾರಂಭವಾಗಿ, 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆ. ಅಷ್ಟು ದೂರ ಬರಲಾಗದವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಈ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ, ದೊರೆಯುತ್ತದೆ. ಅಜ್ಜಿ ದೃಷ್ಟಿ ತೆಗೆದರೆ ತೆಗೆಯಲಿ. ಅವರ ಅಕ್ಕರೆಗೆ ಅಡ್ಡಬರುವುದು ಬೇಡ. ಆದರೆ ಉಪ್ಪು ಮೆಣಸಿನಕಾಯಿ ಒಲೆಗೆ ಬಿದ್ದ ಮಾರನೆಯ ದಿನ ವೈದ್ಯರ ಮನೆಯ ಬಾಗಿಲು ತಟ್ಟುವುದನ್ನು ಮರೆಯಬಾರದು.

ಬೇಗ ತೋರಿಸಿ ಎಂಬ ಈ ಮಾತು ಬರಿಯ ಉಪದೇಶವಲ್ಲವೆಂಬುದಕ್ಕೆ ನಾರ್ವೆ ದೇಶದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಅಲ್ಲಿನ ಸ್ಟಾವಾಂಗರ್ ಪಟ್ಟಣವಿರುವ ರೋಗಲಾಂಡ್ ಪ್ರಾಂತದಲ್ಲಿ 1997ರಿಂದ ನಾಲ್ಕು ವರ್ಷ, ಚಿತ್ತವಿಕಲತೆಯ ಮೊದಲ ಚಿಹ್ನೆಗಳೇನೆಂಬುದನ್ನು ಪತ್ರಿಕೆಗಳಲ್ಲಿಯೂ ಶಾಲೆಗಳಲ್ಲಿಯೂ ಮನೆಮನೆಗಳಲ್ಲಿಯೂ ಪ್ರಚಾರ ಮಾಡಿದರು. ಕರೆದರೆ ಬರುವ ವೈದ್ಯತಂಡವನ್ನು ಇಟ್ಟರು. ಪ್ರಚಾರವಿಲ್ಲದ ಬೇರೆ ಊರುಗಳಲ್ಲಿ ರೋಗಿಯು ಚಿಕಿತ್ಸೆಗೆ ಬರಲು ಸಾಮಾನ್ಯವಾಗಿ 16 ವಾರ ಹಿಡಿಯುತ್ತಿದ್ದರೆ ಇಲ್ಲಿ 5 ವಾರ ಸಾಕಾಯಿತು. ಬೇಗ ಬಂದವರಲ್ಲಿ ಕಾಯಿಲೆಯ ತೀವ್ರತೆಯೂ ಕಡಿಮೆಯಿತ್ತು. ಅನಂತರ ಪ್ರಚಾರವನ್ನು ನಿಲ್ಲಿಸಿದರು. ವೈದ್ಯತಂಡ ಹಾಗೆಯೇ ಇದ್ದಿತು. ಆದರೂ ತಡವು ಮತ್ತೆ 15 ವಾರಕ್ಕೆ ಏರಿತು! ಜನರಿಗೆ ತಿಳಿದಿರುವವರೆಗೆ ಮಾತ್ರ ಆಸ್ಪತ್ರೆಗೆ ಬೆಲೆ. ಈ ಪುಟವನ್ನು ಓದಿದವರು ಇದನ್ನು ಮನೆಯ ಹಿರಿಯರಿಗೂ ಕಾಲೇಜಿಗೆ ಹೋಗುವ ಮಕ್ಕಳಿಗೂ ಓದಿ ಹೇಳಿದರೆ ನಮ್ಮ ಶ್ರಮ ಸಾರ್ಥಕ.

ಮುಂದಿನ ವಾರ: ಪರೀಕ್ಷೆಯ ಕಾಲದ ನಿದ್ರೆ.